ಮೂರು ತಪ್ಪಿಗೆ ಬದಲಿ

ನಮ್ಮ ಕ್ಲಬ್ಬಿಗೆ ನಲವತ್ತೊಂದು ವರ್ಷ. ಅವರ ಪಾರ್ಟಿಗೆ ಏಳು ತಿಂಗಳು. ಹೀಗಿದ್ದೂ ಹೆಸರು ಬಿಟ್ಟುಕೊಡಬೇಕಾದವರು ನಾವೇ ಎಂದು ವಾಲಿಬಾಲ್ ಲೀಗಿನ ಆಫೀಸಿನಿಂದ ಸೋಮವಾರ ಕಾಗದ ಬಂದಾಗ ನಾನು ಅದನ್ನು ಎರಡು ಸಲ ಓದಿದೆ. ಮೊದಲ ಸಲ ಅರ್ಥವಾಗಲಿಲ್ಲ ಎಂದಲ್ಲ. ಇಷ್ಟು ಧೈರ್ಯ ಯಾರಿಗೆ ಬಂತು ಅಂತ ಕೆಳಗಿನ ಸಹಿ ನೋಡುವುದಕ್ಕೆ.

ನಮ್ಮದು ಬಂದರು ಮಹಿಳಾ ಕೂಟ. ಗೋಡೆಯ ಮೇಲೆ, ಜೆರ್ಸಿಯ ಬೆನ್ನಿನ ಮೇಲೆ, ಜನರ ಬಾಯಲ್ಲಿ, ಎಲ್ಲ ಕಡೆ ಬ.ಮ.ಕೂ. ಬಂದರಿನ ಎರಡನೇ ಗೋದಾಮಿನಲ್ಲಿ ಗೋಣಿಚೀಲ ಹೊಲಿಯುತ್ತಿದ್ದ ಹೆಂಗಸರು ಊಟದ ಬಿಡುವಿನಲ್ಲಿ ಚೀಲ ಹೊಲಿಯುವ ದಾರದಿಂದಲೇ ನೆಟ್ ಹೆಣೆದು ಶುರು ಮಾಡಿದ ಕ್ಲಬ್ಬು ಇದು. ಅವರಿಗೆ ಮುಂದಾಳಾಗಿದ್ದವಳು, ಕ್ಲಬ್ಬಿಗೆ ಹೆಸರಿಟ್ಟವಳು ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ. ಈಗ ಅವಳಿಗೆ ಎಪ್ಪತ್ತಾರು. ಕಾರ್ಯದರ್ಶಿ ನಾನು. ಹೊಟ್ಟೆಪಾಡಿಗೆ ಬಂದರಿನ ಗೇಟಿನ ಪಕ್ಕದ ವೇಬ್ರಿಡ್ಜಿನಲ್ಲಿ ಕೂತು ಲಾರಿ ತೂಗುತ್ತೇನೆ. ಡ್ರೈವರುಗಳು ಕೂಗಾಡಲಿ, ಗೋಳಾಡಲಿ, ಚೀಟಿಯಲ್ಲಿ ಬಂದ ತೂಕವೇ ತೂಕ. ದಿನಾ ಅವರ ಜೊತೆ ಏಗಿ ಏಗಿ ನನ್ನ ಬಾಯಿ ಸ್ವಲ್ಪ ಜೋರಾಗಿದೆ ಎನ್ನುವವರಿದ್ದಾರೆ. ಸ್ವಲ್ಪ ಅಲ್ಲ.

ಅವರದು ಬದಲಾವಣೆಗಾಗಿ ಮತದಾರರ ಕೂಟ. ಅದೂ ಬ.ಮ.ಕೂ. ಅದರ ಸ್ಥಾಪಕರು, ಅಧ್ಯಕ್ಷರು, ನಗರಸಭೆ ಚುನಾವಣೆಗೆ ನಿಂತ ಅಭ್ಯರ್ಥಿ, ಮೂರೂ ಒಬ್ಬರೇ: ಬಂದರು ರಸ್ತೆಯ ಟೈರ್ ಸಾಹುಕಾರ್ರು. ಅವರ ಅಂಗಡಿಯ ಹಿಂಗೋಡೆಯೂ ನಮ್ಮ ಕೋರ್ಟಿನ ಗೋಡೆಯೂ ಒಂದೇ. ಇಪ್ಪತ್ತು ವರ್ಷದಿಂದ ಪ್ರತಿ ಭಾನುವಾರ ಗೋಡೆಯಾಚೆ ಮುನ್ನೂರು ಜನ "ಬ, ಮ, ಕೂ" ಎಂದು ಚಪ್ಪಾಳೆ ತಟ್ಟಿ ಕೂಗುವುದನ್ನು ಕೇಳಿದ ಮನುಷ್ಯ ಪಾರ್ಟಿಗೆ ಹೆಸರಿಡುವಾಗ ಇದೇ ಮೂರು ಅಕ್ಷರ ತಾನಾಗಿ ಹೊಳೆಯಿತು ಎನ್ನುತ್ತಾರೆ. ಹೊಳೆಯದೇ ಏನು ಮಾಡೀತು.

ಸೋಮವಾರವೇ ನಾನು ಲೀಗಿನ ಆಫೀಸಿಗೆ ಹೋದೆ. ಮೂರನೇ ಮಹಡಿಯ ಒಂದು ಕೋಣೆ, ಗೋಡೆಯುದ್ದಕ್ಕೂ ಹಳೆಯ ಶೀಲ್ಡುಗಳು, ನಡುವೆ ಲೀಗಿನ ಕಾರ್ಯದರ್ಶಿ. ಅವರು ನಿವೃತ್ತ ಡ್ರಿಲ್ ಮಾಸ್ತರು. ನಿಯಮದ ಪುಸ್ತಕ ತೆರೆಯುವ ಮೊದಲೇ ಪುಟದ ಸಂಖ್ಯೆ ಹೇಳಿಬಿಡುತ್ತಾರೆ.

"ಪುಟ ಹದಿನಾಲ್ಕು. ರಾಜಕೀಯ ಪಕ್ಷದ ಹೆಸರು, ಗುರುತು, ಅಕ್ಷರ ಇಟ್ಟುಕೊಂಡ ತಂಡಕ್ಕೆ ನೋಂದಣಿ ಇಲ್ಲ."

"ಸಾರ್, ನಾವು ಅವರ ಅಕ್ಷರ ಇಟ್ಕೊಂಡಿಲ್ಲ. ಅವರು ನಮ್ಮದು ಎತ್ಕೊಂಡಿದಾರೆ."

"ಯಾರು ಮೊದಲು ಅಂತ ಪುಸ್ತಕದಲ್ಲಿ ಬರೆದಿಲ್ಲಮ್ಮ."

"ಹಾಗಾದ್ರೆ ನಾಳೆ ಇನ್ಯಾರೋ ಲೀಗ್ ಅಂತಲೇ ಪಾರ್ಟಿ ಕಟ್ಟಿದ್ರೆ ನೀವು ಬಾಗಿಲು ಹಾಕ್ತೀರಾ?"

ಅವರಿಗೆ ನಗು ಬಂತು, ಆದರೆ ನಿಯಮಕ್ಕೆ ನಗು ಬರಲಿಲ್ಲ. ದಾರಿ ಎರಡೇ ಎಂದರು. ಒಂದು, ಹೆಸರು ಬದಲಾಯಿಸುವುದು. ಹಾಗೆ ಮಾಡಿದರೆ ಕಾಗದದ ಮೇಲೆ ನಾವು ಹೊಸ ಕ್ಲಬ್ಬು. ಮೊದಲ ದರ್ಜೆಯಿಂದ ಇಳಿದು ಮೂರನೇ ದರ್ಜೆಯಲ್ಲಿ ಆಡಬೇಕು, ಹಿಂದಿನ ನಲವತ್ತೊಂದು ವರ್ಷಕ್ಕೆ ಎಳ್ಳುನೀರು. ಇನ್ನೊಂದು, ಈ ಕ್ಲಬ್ಬಿಗೂ ನಮಗೂ ಸಂಬಂಧವಿಲ್ಲ ಎಂದು ಪಾರ್ಟಿಯವರೇ ಸಹಿ ಮಾಡಿ ಮೊಹರು ಹಾಕಿದ ಕಾಗದ ತರುವುದು. ಭಾನುವಾರ ಪಂದ್ಯಗಳು ಶುರು. ಕಾಗದಕ್ಕೆ ಗಡುವು ಶುಕ್ರವಾರ ಸಂಜೆ ಐದು.

ಒಂದು ಕಾಗದ ತಾನೇ ಅಂದುಕೊಂಡೆ. ನಾನು ಸೋಲುವ ಲೆಕ್ಕ ಹಾಕಿಕೊಂಡು ಮನೆಯಿಂದ ಹೊರಟವಳೇ ಅಲ್ಲ.

ಮಂಗಳವಾರ ಟೈರ್ ಅಂಗಡಿಗೆ ಹೋದೆ. ಸಾಹುಕಾರ್ರು ಒಂದರ ಮೇಲೊಂದು ಪೇರಿಸಿದ ಟೈರುಗಳ ನಡುವೆ ಕುರ್ಚಿ ಹಾಕಿಕೊಂಡು ಭಾಷಣ ಬಾಯಿಪಾಠ ಮಾಡುತ್ತಿದ್ದರು. ನನ್ನನ್ನು ನೋಡಿ ಎದ್ದರು. ಕೆಟ್ಟ ಮನುಷ್ಯರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೆಣ್ಣೆಯಂಥ ಮಾತು, ಗಿರಾಕಿಗೆ ಹಳೇ ಟೈರನ್ನು ಹೊಸದು ಎಂದು ಎಂದೂ ಮಾರಿದವರಲ್ಲ. ಜನ ತನಗೆ ಚಪ್ಪಾಳೆ ತಟ್ಟಬೇಕು ಎಂಬ ಆಸೆಯೊಂದು ಐವತ್ತೈದಕ್ಕೆ ಶುರುವಾಗಿತ್ತು, ಅಷ್ಟೇ.

"ಕಾಗದ ತಾನೇ, ಕೊಡೋಣ," ಎಂದರು. "ನಾಳೆ ನಾಲ್ಕು ಗಂಟೆಗೆ ಮಾರ್ಕೆಟ್ ಹತ್ರ ನಮ್ಮ ಮೊದಲ ಸಭೆ. ನಿಮ್ಮ ಹೆಂಗಸರೆಲ್ಲ ಬಂದು ಆ ಕೂಗು ಒಂದು ಹಾಕಿಬಿಡಲಿ. ಸಭೆ ಮುಗಿದ ಮೇಲೆ ಸಹಿ."

"ಸಂಬಂಧ ಇಲ್ಲ ಅಂತ ಬರೆದುಕೊಡೋದಕ್ಕೆ ಮೊದಲು ಸಂಬಂಧ ಇದೆ ಅಂತ ಊರಿಗೆಲ್ಲ ತೋರಿಸಬೇಕಾ?"

"ಒಂದೇ ಹೆಸರಿನೋರು ನಾವು. ಅಣ್ಣ ತಂಗಿ ಇದ್ದ ಹಾಗೆ."

"ಹಾಗಾದ್ರೆ ತಂಗಿ ದೊಡ್ಡೋಳು, ಅಣ್ಣ ಇನ್ನೂ ತೊಟ್ಟಿಲಲ್ಲಿ ಇದಾನೆ," ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕರೇ ಹೊರತು ಪೆನ್ನು ತೆಗೆಯಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ದೊಡ್ಡಮ್ಮನ ಮುಂದೆ ಎಲ್ಲ ಕಕ್ಕಿದೆ. ಅವಳು ಕಿಟಕಿಯ ಬಳಿ ಕೂತು ಹುಡುಗಿಯರ ಮಂಡಿಪಟ್ಟಿಗಳಿಗೆ ಹೊಸ ಎಲಾಸ್ಟಿಕ್ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಹೆಸರು ಬದಲಾಯಿಸು ಬಿಡು," ಎಂದಳು.

"ಏನಂದೆ?"

"ಹುಡುಗೀರು ಆಡ್ಬೇಕು, ಅಷ್ಟೇ ತಾನೇ ನಮಗೆ. ಹೆಸರು ಯಾವುದಾದ್ರೇನು. ಮೂರನೇ ದರ್ಜೆಯಿಂದ ಎರಡು ವರ್ಷದಲ್ಲಿ ಮೇಲೆ ಬರ್ತಾರೆ."

ಇಷ್ಟು ಸಲೀಸಾಗಿ ಹೇಳಿದ್ದು ನೋಡಿ ನನಗೆ ಮೈ ಉರಿದುಹೋಯಿತು. ಹೆಸರಿಟ್ಟವಳಿಗೇ ಇಲ್ಲದ ಸಂಕಟ ನನಗೇಕೆ ಎಂದು ಒಂದು ಗಳಿಗೆ ಅನ್ನಿಸಿತು ಕೂಡ. ಆದರೆ ಸೋಲು ನನಗೆ ಒಗ್ಗುವುದಿಲ್ಲ. "ಬದಲಾಯಿಸೋಲ್ಲ. ನಾಳೆ ಸಭೆಗೆ ಹೋಗ್ತೀವಿ, ಕೂಗ್ತೀವಿ, ಕಾಗದ ತಗೋತೀವಿ, ಬರ್ತೀವಿ. ಜೆರ್ಸಿ ಯಾರೂ ಹಾಕ್ಕೋಬಾರದು," ಎಂದೆ. ದೊಡ್ಡಮ್ಮ ದಾರ ಕಚ್ಚಿ ತುಂಡು ಮಾಡಿ, "ನಿನ್ನಿಷ್ಟ. ಕೂಗೋದಕ್ಕೇನು, ನಾನೂ ಬರ್ತೀನಿ," ಎಂದಳು.

ಮುಂದೆ ಆದದ್ದು ತಿಳಿಯಬೇಕಾದರೆ ನಮ್ಮ ಕೂಗಿನ ವಿಷಯ ಗೊತ್ತಿರಬೇಕು. ಪಂದ್ಯದ ಶುರುವಿಗೆ ಹುರುಪಿನಿಂದ ಕೂಗುವುದು ಒಂದು, ಬದಲಿಗೆ ಕೂಗುವುದು ಇನ್ನೊಂದು. ಪಂದ್ಯದಲ್ಲಿ ನಮ್ಮ ಹುಡುಗಿಯೊಬ್ಬಳು ಸಾಲಾಗಿ ಮೂರು ತಪ್ಪು ಮಾಡಿದಳು ಎನ್ನಿ. ಸರ್ವ್ ನೆಟ್ಟಿಗೆ ಹೋಯಿತು, ಬಂದ ಚೆಂಡು ಕೈಜಾರಿತು, ಮತ್ತೊಂದು ಗೆರೆಯಾಚೆ ಬಿತ್ತು. ಬೆಂಚುಗಳ ಮೇಲೆ ಕೂತವರು ಮೆಲ್ಲಗೆ ಎಣಿಸುತ್ತಿರುತ್ತಾರೆ: ಒಂದು, ಎರಡು. ಮೂರಕ್ಕೆ ಎಲ್ಲರೂ ಒಟ್ಟಾಗಿ, ನಿಧಾನಕ್ಕೆ, "ಬ, ಮ, ಕೂ" ಎಂದು ಮೂರು ಸಲ ಹೇಳಿ, ಒಂದು ಚಪ್ಪಾಳೆ ತಟ್ಟಿ, "ಬದಲಿ" ಎನ್ನುತ್ತಾರೆ. ಹುಡುಗಿ ಹೊರಗೆ ಬರುತ್ತಾಳೆ. ದೊಡ್ಡಮ್ಮ ಟವೆಲ್ಲು, ನೀರಿನ ಬಾಟಲಿ ಹಿಡಿದು ಎದುರು ಹೋಗಿ, ಮೊಣಕೈ ಹಿಡಿದು ಕರೆತಂದು ಕೂರಿಸುತ್ತಾಳೆ. ಇದರಲ್ಲಿ ಅವಮಾನ ಏನೂ ಇಲ್ಲ. ಸ್ವಂತ ತಾಯಂದಿರೂ ಮಗಳಿಗೆ ಬದಲಿ ಕೂಗುತ್ತಾರೆ. ನಾನು ಆಡುತ್ತಿದ್ದ ಕಾಲದಲ್ಲಿ ನನ್ನನ್ನೂ ಹೀಗೆ ಕೂರಿಸಿದ್ದಾರೆ, ಅದೂ ಫೈನಲ್ಲಿನಲ್ಲಿ. ನೀರು ಕುಡಿದು ಮುಂದಿನ ಸೆಟ್ಟಿಗೆ ಇಳಿದು ಗೆಲ್ಲಿಸಿದೆ, ಅದು ಬೇರೆ ಮಾತು.

ಬುಧವಾರ ನಾಲ್ಕಕ್ಕೆ ನಾವು ಅರವತ್ತು ಜನ ಹೋದೆವು. ಮಾರ್ಕೆಟ್ಟಿನ ಮೂಲೆಯಲ್ಲಿ ಲಾರಿ ಟೈರುಗಳ ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ಮೇಲೆ ಒಂದು ಮೈಕು, ಹಿಂದೆ ಸಾಲಾಗಿ ಐದು ಕುರ್ಚಿ, ಅವುಗಳಲ್ಲಿ ಪಾರ್ಟಿಯ ಐದು ಪ್ರಮುಖರು. ಪಾರ್ಟಿಯಲ್ಲಿ ಇದ್ದವರೇ ಅಷ್ಟು ಎಂದು ನನ್ನ ಅಂದಾಜು. ಸಾಹುಕಾರ್ರ ಗುರುತು ಕೊಡೆ. ಎದುರಾಳಿಯ ಗುರುತು ಬಕೆಟ್ಟು. ನಾವು ನಮ್ಮ ಅಭ್ಯಾಸದಂತೆ ಮೂರು ಸಾಲಾಗಿ ಕೂತೆವು.

ಶುರುವಿಗೆ ಕೂಗಿದೆವು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಕೂಗಿದೆವು. ಅರೆಮನಸ್ಸಿನಿಂದ ಕೂಗುವುದು ನಮಗೆ ಬರುವುದಿಲ್ಲ. ತರಕಾರಿ ಕೊಳ್ಳುತ್ತಿದ್ದವರು ಚೀಲ ಹಿಡಿದು ತಿರುಗಿದರು, ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಬಂದರು. ಸಾಹುಕಾರ್ರ ಮುಖ ಊರಗಲವಾಯಿತು. ಮೈಕಿನ ಮುಂದೆ ಬಂದು ಕೈ ಮುಗಿದರು.

"ಹದಿಮೂರನೇ ವಾರ್ಡಿನ ನನ್ನ ಬಂಧುಗಳೇ."

ಇದು ಹನ್ನೆರಡನೇ ವಾರ್ಡು. ಯಾರೋ ಹಿಂದಿನಿಂದ ತಿದ್ದಿದರು. ಅವರು ತಡವರಿಸಿ ಸರಿ ಮಾಡಿಕೊಂಡರು. ನನ್ನ ಹಿಂದಿನ ಸಾಲಿನಲ್ಲಿ ಒಬ್ಬಳು ಮೆಲ್ಲಗೆ "ಒಂದು" ಎಂದದ್ದು ನನ್ನ ಕಿವಿಗೆ ಬಿತ್ತು. ಬಿದ್ದರೂ ಏನೂ ಅನ್ನಿಸಲಿಲ್ಲ. ಅದು ನಮಗೆ ಉಸಿರಾಟದಷ್ಟೇ ಸಹಜ.

ಆಮೇಲೆ ರಸ್ತೆ ಗುಂಡಿಗಳ ಬಗ್ಗೆ ಒಂದು ಪುಟ ಓದಿದರು. ಗಾಳಿಗೆ ಹಾಳೆ ಹೊರಳಿತು. ಅದೇ ಪುಟವನ್ನು ಮೊದಲಿನಿಂದ ಮತ್ತೆ ಓದಿದರು, ಅದೇ ಜಾಗದಲ್ಲಿ ಅದೇ ರೀತಿ ಮುಷ್ಟಿ ಎತ್ತಿದರು. "ಎರಡು," ಎಂದಿತು ಇಡೀ ಮಧ್ಯದ ಸಾಲು.

ಮೂರನೆಯದು ನೀರಿನ ವಿಷಯದಲ್ಲಿ ಬಂತು. ಹಾಳೆ ಬದಿಗಿಟ್ಟು ಎದೆಯಿಂದ ಮಾತಾಡತೊಡಗಿದ್ದರು, ಪಾಪ. "ತಾಯಂದಿರೇ, ಬೆಳಗಾದರೆ ನಲ್ಲಿ ಮುಂದೆ ಬಕೆಟ್ ಹಿಡಿದು ನಿಲ್ಲುತ್ತೀರಿ. ಆ ಬಕೆಟ್ ತುಂಬಬೇಕೋ ಬೇಡವೋ? ತುಂಬಬೇಕು ಅಂದರೆ ಶನಿವಾರ ಬೂತಿಗೆ ಹೋಗಿ, ಯೋಚನೆ ಮಾಡದೆ, ಬಕೆಟ್‌ಗೇ ನಿಮ್ಮ ಮತ ಹಾಕಿ."

ಕೊಡೆಯವರು ಬಕೆಟ್ಟಿಗೆ ಮತ ಕೇಳಿದ್ದರು. ಆಮೇಲೆ ನಮ್ಮ ಮೂರು ಸಾಲುಗಳಿಂದ ನಿಧಾನಕ್ಕೆ, ಗಂಭೀರವಾಗಿ, ಎದ್ದಿತು: "ಬ, ಮ, ಕೂ." ಯಾರು ಶುರು ಮಾಡಿದರು ಎಂದು ತಿರುಗಿ ನೋಡಹೊರಟೆ, ನನ್ನ ಬಾಯಿಯೂ ತೆರೆದೇ ಇತ್ತು. ಮೂರು ಸಲ. ಒಂದು ಚಪ್ಪಾಳೆ. "ಬದಲಿ."

ನಮ್ಮ ಲೆಕ್ಕದಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಮೂರು ತಪ್ಪಾಗಿತ್ತು, ಅಷ್ಟೇ. ನಾನು ದೊಡ್ಡಮ್ಮನ ಕೈ ಹಿಡಿಯೋಣ ಎಂದು ಪಕ್ಕಕ್ಕೆ ತಿರುಗಿದರೆ ಜಾಗ ಖಾಲಿ. ಅವಳು ಆಗಲೇ ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಾಟಲಿ ಹಿಡಿದು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಳು. ಪಾರ್ಟಿಯವನೊಬ್ಬ, ಸನ್ಮಾನ ಮಾಡಲು ಬಂದಳೆಂದುಕೊಂಡನೋ ಏನೋ, ಕೈ ಕೊಟ್ಟು ಹತ್ತಿಸಿದ.

"ಬಾಪ್ಪಾ," ಎಂದಳು ದೊಡ್ಡಮ್ಮ ಸಾಹುಕಾರ್ರ ಮೊಣಕೈ ಹಿಡಿದು. ಮೈಕು ಪಕ್ಕದಲ್ಲೇ ಇತ್ತು. ಅವಳ ಮಾತು ಮಾರ್ಕೆಟ್ಟಿನ ಮೂಲೆಮೂಲೆಗೂ ಕೇಳಿತು. "ಸ್ವಲ್ಪ ಕೂತ್ಕೋ. ನೀರು ಕುಡಿ, ಬೆವರು ಒರೆಸ್ಕೋ. ಎಲ್ಲರಿಗೂ ಆಗುತ್ತೆ. ಮುಂದಿನ ಸೆಟ್ಟಿಗೆ ಮತ್ತೆ ಇಳಿಯುವಿಯಂತೆ."

ಸಾಹುಕಾರ್ರು ಕೂತರು. ಬಾಟಲಿಯಿಂದ ಎರಡು ಗುಟುಕು ಕುಡಿದರು ಕೂಡ. ನಮ್ಮ ದೊಡ್ಡಮ್ಮ ಮೊಣಕೈ ಹಿಡಿದರೆ ಕೂರದವರನ್ನು ನಾನಿನ್ನೂ ನೋಡಿಲ್ಲ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ದೊಡ್ಡಮ್ಮ, ಪಂದ್ಯದಲ್ಲಿ ಮಾಡುವ ಹಾಗೆಯೇ, ಹಿಂದಿನ ಕುರ್ಚಿಗಳ ಕಡೆ ತಿರುಗಿ ಕೇಳಿದಳು:

"ಬದಲಿ ಯಾರಪ್ಪಾ?"

ಐದರಲ್ಲಿ ಮೂವರು ಎದ್ದರು.

ಪೂರ್ತಿ ಎದ್ದರೆಂದಲ್ಲ, ಕುರ್ಚಿಯಿಂದ ಒಂದು ಗೇಣು. ಎದ್ದು, ಒಬ್ಬರನ್ನೊಬ್ಬರು ನೋಡಿಕೊಂಡು, ಇಂಗು ತಿಂದ ಮಂಗನ ಮುಖ ಮಾಡಿ ಮತ್ತೆ ಕೂತರು. ಮಾರ್ಕೆಟ್ಟು ಬಿದ್ದು ಬಿದ್ದು ನಕ್ಕಿತು. ತಕ್ಕಡಿಯವರು ತಕ್ಕಡಿ ಬಿಟ್ಟು ನಕ್ಕರು. ಸಾಹುಕಾರ್ರು ಕುತ್ತಿಗೆ ಹೊರಳಿಸಿ ಹಿಂದೆ ನೋಡಿದಾಗ ಅವರ ಕಣ್ಣಿನಲ್ಲಿದ್ದದ್ದು ಮಾತ್ರ ನಗು ಅಲ್ಲ.

ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಕಾಗದ ತರಲು ಹೋಗಿ ಕಾಗದ ಕೊಡಬೇಕಾದವರನ್ನೇ ಸಂತೆಯಲ್ಲಿ ಕೂರಿಸಿ ಬಂದಿದ್ದೆವು. ಇನ್ನು ಅವರು ಸಹಿ ಮಾಡುವುದು ಕನಸಿನ ಮಾತು. "ಯಾಕೆ ಎಲ್ಲ ನಗ್ತಿದ್ರು?" ಎಂದು ದೊಡ್ಡಮ್ಮ ಎರಡು ಸಲ ಕೇಳಿದಳು. "ಪಾಪ, ತುಂಬ ಸುಸ್ತಾಗಿದ್ದ. ಊಟ ಮಾಡಿರಲಿಲ್ಲ ಅನ್ಸುತ್ತೆ."

ಗುರುವಾರ ಹತ್ತು ಗಂಟೆಗೆ, ನಾಲ್ಕು ಲಾರಿ ಸಾಲಿನಲ್ಲಿದ್ದಾಗ, ಸಾಹುಕಾರ್ರು ಒಬ್ಬರೇ ನಡೆದು ಬಂದು ವೇಬ್ರಿಡ್ಜಿನ ತಟ್ಟೆಯ ನಡುವೆ ನಿಂತರು. ನನ್ನ ಯಂತ್ರ ಎಂಬತ್ತು ಕಿಲೋ ತೋರಿಸಿತು. ನಾನು ಕಿಟಕಿ ಸರಿಸಿದೆ. ಬೈಗುಳಕ್ಕೆ ಸಿದ್ಧವಾಗಿಯೇ ಸರಿಸಿದೆ.

"ನಿನ್ನೆ ಎದ್ದರಲ್ಲ," ಎಂದರು. ದನಿ ಇಳಿದಿತ್ತು. "ನಾನು ತಿರುಗೋ ಹೊತ್ತಿಗೆ ಇಬ್ಬರು ಕಂಡರು. ಮೂರನೆಯೋನು ಕೂತುಬಿಟ್ಟಿದ್ದ. ನೀವು ಎದುರುಗಡೆ ಇದ್ರಿ. ಯಾರು ಅವನು?"

ನನಗೆ ಎದೆಯಲ್ಲಿ ದೀಪ ಹತ್ತಿಕೊಂಡ ಹಾಗಾಯಿತು. ಬೈಯಲು ಬಂದಿಲ್ಲ ಇವರು. ರಾತ್ರಿಯೆಲ್ಲ ನಿದ್ದೆ ಬರದೆ ಬಂದಿದ್ದಾರೆ.

"ಹೇಳ್ತೀನಿ. ನನಗೆ ಚೆನ್ನಾಗಿ ಕಂಡಿದೆ. ಮೊದಲು ಕಾಗದ."

"ಮೊದಲು ಹೆಸರು."

"ಸಾಹುಕಾರ್ರೇ, ನಾನು ದಿನಾ ನೂರಿಪ್ಪತ್ತು ಡ್ರೈವರುಗಳ ಹತ್ರ ಇದೇ ಮಾತಾಡ್ತೀನಿ. ಚೀಟಿ ಆಮೇಲೆ, ಲಾರಿ ತಟ್ಟೆ ಮೇಲೆ ಬರ್ಬೇಕು ಮೊದಲು."

ಹಿಂದಿನ ಲಾರಿಗಳು ಹಾರ್ನ್ ಬಾರಿಸತೊಡಗಿದವು. ಸಾಹುಕಾರ್ರು ಚೀಲದಿಂದ ಪಾರ್ಟಿಯ ಲೆಟರ್‌ಹೆಡ್ ತೆಗೆದರು, ಜೇಬಿನಿಂದ ಮೊಹರು. ನನ್ನ ಮೇಜಿನ ಮೇಲೆ ಬಗ್ಗಿ ಬರೆದರು. ನಾನು ಒಂದು ಮಾತೂ ಹೇಳಿಕೊಡಲಿಲ್ಲ. ಲೀಗು ಕೇಳಿದ್ದಕ್ಕಿಂತ ಹೆಚ್ಚೇ ಅವರು ಬರೆದರು: ಬಂದರು ಮಹಿಳಾ ಕೂಟಕ್ಕೂ ನಮ್ಮ ಪಕ್ಷಕ್ಕೂ ಯಾವ ಸಂಬಂಧವೂ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಇರುವುದೂ ಇಲ್ಲ. ಸದರಿ ಕ್ಲಬ್ಬಿನವರು ನಮ್ಮ ಯಾವುದೇ ಸಭೆಗೆ ಬರತಕ್ಕದ್ದಲ್ಲ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದರು.

ಶಾಯಿ ಒಣಗುವವರೆಗೆ ಕಾದು ಹೇಳಿದೆ. "ಬಲಗಡೆ ಕೊನೇ ಕುರ್ಚಿ. ನಿಮ್ಮ ಭಾವಮೈದ."

ಅವರು ಸ್ವಲ್ಪ ಹೊತ್ತು ಮೊಹರಿನ ಮುಚ್ಚಳ ಹುಡುಕಿದರು. "ಗೊತ್ತಿತ್ತು," ಎಂದರು. "ಬೇರೆ ಯಾರಾದ್ರೂ ಆಗಿರ್ಲಿ ಅಂತ ಕೇಳಿದೆ." ತಟ್ಟೆಯಿಂದ ಇಳಿದು, ಗೇಟಿನವರೆಗೆ ಹೋಗಿ, ತಿರುಗಿ ನಿಂತು, "ದೊಡ್ಡಮ್ಮಂಗೆ ಹೇಳಿ, ನೀರು ಕೊಟ್ಟಿದ್ದಕ್ಕೆ ಬೇಜಾರಿಲ್ಲ ಅಂತ," ಎಂದರು. ಹೆಸರು ಹೇಳಿದ್ದು ಸರಿಯೋ ತಪ್ಪೋ ಎಂದು ನಮ್ಮ ಕ್ಲಬ್ಬಿನಲ್ಲಿ ಈಗಲೂ ಚರ್ಚೆ ಇದೆ. ನನಗೆ ಪಶ್ಚಾತ್ತಾಪ ಇಲ್ಲ. ಎದ್ದವನು ಎದ್ದಿದ್ದ, ನಾನು ಎಬ್ಬಿಸಿರಲಿಲ್ಲ.

ಶುಕ್ರವಾರ ಮೂರೂವರೆಗೆ ದೊಡ್ಡಮ್ಮನನ್ನೂ ಕರೆದುಕೊಂಡು ಲೀಗಿನ ಆಫೀಸಿಗೆ ಹೋದೆ. ಮೂರು ಮಹಡಿ ಹತ್ತುವುದು ಬೇಡ ಎಂದರೂ ಕೇಳಲಿಲ್ಲ. ಡ್ರಿಲ್ ಮಾಸ್ತರು ಕಾಗದವನ್ನು ಓದಿದರು, "ಮುಂದೆ ಇರುವುದೂ ಇಲ್ಲ" ಎಂಬಲ್ಲಿ ಕನ್ನಡಕ ಸರಿಮಾಡಿಕೊಂಡರು, ಎರಡು ಗೆರೆಗಳನ್ನು ಬೆರಳಿಂದ ಮುಟ್ಟಿ ನೋಡಿದರು. ಏನೂ ಕೇಳಲಿಲ್ಲ. ಅವರ ಮನೆಯೂ ಮಾರ್ಕೆಟ್ಟಿನ ಹಿಂದೆಯೇ. ನೋಂದಣಿ ಪುಸ್ತಕ ತೆರೆದು ಬರೆಯುತ್ತಾ ಗಟ್ಟಿಯಾಗಿ ಹೇಳಿದರು: "ಬಂದರು ಮಹಿಳಾ ಕೂಟ. ಮೊದಲ ದರ್ಜೆ. ನಲವತ್ತೆರಡನೇ ವರ್ಷ. ಭಾನುವಾರ ಒಂಬತ್ತಕ್ಕೆ, ಮೊದಲ ಪಂದ್ಯ."

ನಾನು ಗೆದ್ದ ಗತ್ತಿನಲ್ಲಿ ಮೆಟ್ಟಿಲಿಳಿಯುತ್ತಿದ್ದೆ. ಸಾಹುಕಾರ್ರು ಹೇಗೆ ಬಂದರು, ನಾನು ಹೇಗೆ ಹಿಡಿದು ಹಾಕಿದೆ ಎಂದು ಮೂರನೇ ಸಲ ಹೇಳುತ್ತಿದ್ದೆ. ಹಿಂದೆ ಹೆಜ್ಜೆ ಸದ್ದು ನಿಂತಿತು. ತಿರುಗಿದರೆ ದೊಡ್ಡಮ್ಮ ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದು ನಿಂತಿದ್ದಳು. ಅಳುತ್ತಿದ್ದಳು. ನಾನು ಅವಳು ಅತ್ತಿದ್ದನ್ನು ನೋಡಿಯೇ ಇರಲಿಲ್ಲ, ದೊಡ್ಡಪ್ಪ ಹೋದಾಗಲೂ.

"ಹೆಸರು ಬದಲಾಯಿಸು ಅಂದಿದ್ನಲ್ಲ," ಎಂದಳು. "ಅದು ಸುಳ್ಳು."

"ಮತ್ಯಾಕೆ ಅಂದೆ?"

"ಹುಡುಗೀರು ಆಡ್ಬೇಕಲ್ಲ. ಹೆಸರು ಬದಲಾಯಿಸೋದು ಬೇಡ ಅಂತ ನಾನು ಅಂದಿದ್ರೆ, ಕಾಗದ ಸಿಗದಿದ್ರೂ ನೀನು ಹಠ ಹಿಡಿದು ಅವರನ್ನ ಆಡೋಕ್ಕೆ ಬಿಡ್ತಿರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಬೇರೆ ಹೆಸರಾಗಿದ್ರೆ ನಾನು ಭಾನುವಾರ ಬರ್ತಿರ್ಲಿಲ್ಲ. ಮಂಡಿನೋವು ಅಂತ ಹೇಳೋಣ ಅಂತಿದ್ದೆ. ಅದರ ಮುಂದಿನ ಭಾನುವಾರವೂ ಮಂಡಿನೋವು. ಆಮೇಲೆ ನೀವೇ ಕರೆಯೋದು ಬಿಡ್ತಿದ್ರಿ."

ನನಗೆ ಮೊದಲೇ ಗೊತ್ತಿತ್ತು ಎಂದು ಹೇಳಬಹುದಿತ್ತು. ಎಲ್ಲದಕ್ಕೂ ನಾನು ಹಾಗೆಯೇ ಹೇಳುವುದು. ಆದರೆ ಗೊತ್ತಿರಲಿಲ್ಲ. ಮಂಡಿನೋವು ಎಂದಿದ್ದರೆ ನಾನು ಎಣ್ಣೆ ತಂದುಕೊಟ್ಟು ಪಂದ್ಯಕ್ಕೆ ಹೋಗಿಬಿಡುತ್ತಿದ್ದೆ. ಅದನ್ನೇ ಅವಳಿಗೆ ಹೇಳಿದೆ.

"ಹೋಗ್ತಿದ್ದೆ, ನನಗೆ ಗೊತ್ತು," ಎಂದಳು. ನಾನು ನಾಲ್ಕು ಮೆಟ್ಟಿಲು ವಾಪಸ್ಸು ಹತ್ತಿ ಅವಳ ಪಕ್ಕ ನಿಂತೆ. ಅವಳು ಸಾಕಾಗುವಷ್ಟು ಅತ್ತಳು, ಆಮೇಲೆ ಇಬ್ಬರೂ ಇಳಿದೆವು.